ಪಡಸಾಲೆಯಲ್ಲಿ ಕೂತು ಅನಿಮೆ ನೋಡುವುದು ಹೇಗೆ

ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಕಾಕಾನ ಮಗಳ ಮದುವೆ. ಮನೆ ತುಂಬಾ ಬೀಗರು. ರಾತ್ರಿ ಪಡಸಾಲೆಯಲ್ಲಿ ಹೆಣ್ಣುಮಕ್ಕಳೆಲ್ಲ ಸಾಲಾಗಿ ಮಲಗಿದ್ದೆವು. ನಾನು ಕೌದಿ ಮುಸುಕು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದು ಅನಿಮೆಯ, ಅಂದರೆ ಜಪಾನಿನ ಚಿತ್ರಸರಣಿಯ, ಎಪಿಸೋಡ್ ನೋಡುತ್ತಿದ್ದೆ. ಕಥೆಯಲ್ಲಿ ಒಬ್ಬ ಒಳ್ಳೆಯವನು ಸಾಯುವ ಜಾಗ ಬಂತು. ತಡೆದುಕೊಳ್ಳೋಕೆ ಆಗಲಿಲ್ಲ, ಬಿಕ್ಕಿದೆ. ಪಕ್ಕದಲ್ಲಿದ್ದ ಅವ್ವನಿಗೆ ಎಚ್ಚರವಾಯಿತು. ಕೌದಿಯೊಳಗೆ ಬೆಳಕು, ಮಗಳ ಅಳು, ಕೈಯಲ್ಲಿ ಫೋನು. ಮದುವೆ ವಯಸ್ಸಿನ ಮಗಳಿರುವ ತಾಯಿಗೆ ಏನು ಅನ್ನಿಸುತ್ತದೋ ಅದೇ ಅನ್ನಿಸಿತು.

"ಯಾರಂವಾ?" ಅಂದಳು, ಯಾರಿಗೂ ಕೇಳಿಸದ ಹಾಗೆ.

ಫೋನು ಕಿತ್ತುಕೊಂಡು ನೋಡಿದರೆ ಹುಡುಗನೇನೋ ಇದ್ದ. ದೊಡ್ಡ ಕಣ್ಣು, ಬೆಂಕಿ ಬಣ್ಣದ ಕೂದಲು, ಕೈಯಲ್ಲಿ ಕತ್ತಿ. ಬೆಳಿಗ್ಗೆ ಉಪ್ಪಿಟ್ಟು ತಿನ್ನುವ ಹೊತ್ತಿಗೆ ಸುದ್ದಿ ಕಾಕಾನ ಕಿವಿಗೆ ಬಿದ್ದಿತ್ತು. "ಇಪ್ಪತ್ನಾಲ್ಕ ವರ್ಷದಾಕಿ ಕಾರ್ಟೂನ್ ನೋಡಿ ಅಳತಾಳಂತ!" ಬೀಗರೂ ಸೇರಿ ನಕ್ಕರು. ನಗು ಒಂದು ವಾರದಲ್ಲಿ ಮರೆತುಹೋಯಿತು. ಅವ್ವ ಆ ಕತ್ತಲೆಯಲ್ಲಿ ಕೇಳಿದ "ಯಾರಂವಾ" ಮರೆಯಲಿಲ್ಲ. ನಾನು ಬಚ್ಚಿಟ್ಟಿದ್ದು ಒಂದು, ಅವಳು ಹೆದರಿದ್ದು ಇನ್ನೊಂದು.

ನಾನು ಬಾಗಲಕೋಟೆ ನವನಗರದವಳು. ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅವ್ವ ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡಿದ್ದಾಳೆ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಈಗ ರಿಟೈರ್ ಆಗಿದ್ದಾರೆ. ತಮ್ಮ ಡಿಪ್ಲೊಮಾ ಓದುತ್ತಾನೆ. ಈ ಮೂರು ವರ್ಷದಲ್ಲಿ ನನ್ನ ಅನಿಮೆ ಕೌದಿಯಿಂದ ಹೊರಬಿದ್ದು ಪಡಸಾಲೆಯ ಟಿವಿಗೆ ಬಂದಿದೆ. ನಮ್ಮ ಕಡೆ ನನ್ನಂಥವರು ಇನ್ನೂ ಬೇಕಾದಷ್ಟು ಜನ ಮುಸುಕಿನೊಳಗೇ ಇದ್ದಾರೆ ಅಂತ ಗೊತ್ತು. ಅವರಿಗಾಗಿ ಇದು.

ಕೂರುವ ಜಾಗ

ಬಾಗಿಲು ಹಾಕಿಕೊಂಡು ನೋಡಬೇಡಿ. ಎಲ್ಲಕ್ಕಿಂತ ಮೊದಲು ಇದು. ಮನೆಯವರಿಗೆ ಅನಿಮೆ ಅಂದರೆ ಏನು ಅಂತ ಗೊತ್ತಿಲ್ಲ. ಆದರೆ ಬಾಗಿಲು ಹಾಕಿಕೊಂಡು ನೋಡುವಂಥದ್ದು ಅಂದರೆ ಏನು ಅಂತ ಚೆನ್ನಾಗಿ ಗೊತ್ತಿದೆ. ಅವರು ಆ ಲೆಕ್ಕದಲ್ಲೇ ಯೋಚನೆ ಮಾಡುತ್ತಾರೆ, ತಪ್ಪೇನಿಲ್ಲ.

ನಾನು ಶುರು ಮಾಡಿದ್ದು ಹೀಗೆ. ಸಂಜೆ ಅವ್ವ ಮಷೀನಿನ ಮುಂದೆ ಕೂತಿರುವಾಗ, ಅಪ್ಪ ಪೇಪರ್ ಹಿಡಿದಿರುವಾಗ, ನಾನೂ ಅಲ್ಲೇ ಗೋಡೆಗೆ ಒರಗಿ ಫೋನಿನಲ್ಲಿ ನೋಡುತ್ತಿದ್ದೆ. ಇಯರ್‌ಫೋನ್ ಇಲ್ಲದೆ, ಸಣ್ಣ ದನಿಯಲ್ಲಿ. ಯಾರನ್ನೂ ಕರೆಯಲಿಲ್ಲ. ನಗು ಬಂದಲ್ಲಿ ನಕ್ಕೆ. ಹದಿನೈದು ದಿನ ಯಾರೂ ಏನೂ ಕೇಳಲಿಲ್ಲ. ಹದಿನಾರನೇ ದಿನ ಅಪ್ಪ ಪೇಪರಿನ ಹಿಂದಿನಿಂದ, "ಅದೇನ್ ಭಾಷಾ ಅದು, ಬರೀ ಬೈದಂಗ ಕೇಳತೈತಿ" ಅಂದರು. ಅಷ್ಟು ಸಾಕು. ಬೈದ ಹಾಗೆ ಕೇಳಿಸುತ್ತದೆ ಅಂದರೆ ಕಿವಿ ಇತ್ತ ಇದೆ ಅಂತ ಅರ್ಥ.

ಟಿವಿಗೆ ಹಾಕುವ ಮೊದಲು ಇನ್ನೊಂದು ಎಚ್ಚರಿಕೆ. ಪುಕ್ಕಟೆ ತೋರಿಸುವ ಕಳ್ಳ ಸೈಟುಗಳನ್ನು ಪಡಸಾಲೆಗೆ ತರಬೇಡಿ. ಕದ್ದು ನೋಡುವುದು ಸರಿಯಲ್ಲ ಅನ್ನೋದು ಇರಲಿ, ಅಲ್ಲಿ ಬರುವ ಜಾಹೀರಾತು ನಿಮ್ಮ ಮರ್ಯಾದೆ ತೆಗೆಯುತ್ತದೆ. ಒಂದು ಭಾನುವಾರ ಅಪ್ಪನ ಹಳೇ ಕಂಡಕ್ಟರ್ ದೋಸ್ತ್ ಚಹಾಕ್ಕೆ ಬಂದಿದ್ದರು. ನಾನು ಫೋನನ್ನು ಟಿವಿಗೆ ಜೋಡಿಸಿ ಪ್ಲೇ ಒತ್ತಿದೆ. 43 ಇಂಚಿನ ಪರದೆ ತುಂಬ ಏನು ಬಂತು ಅಂತ ಇಲ್ಲಿ ಬರೆಯೋಕಾಗಲ್ಲ. ಅದು ಅನಿಮೆ ಅಲ್ಲ, ಯಾವುದೋ ಜಾಹೀರಾತು ಅಂತ ಆ ಕಾಕಾಗೆ ಹೇಗೆ ತಿಳಿಸೋದು? ಚಹಾದ ಕಪ್ಪು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡರು. ಅನಿಮೆ ಅಂದರೆ ಅಶ್ಲೀಲ ಅನ್ನುವ ಮಾತು ಅರ್ಧ ಹುಟ್ಟೋದು ಇಲ್ಲೇ ಅಂತ ನನ್ನ ಅನುಮಾನ. ಈಗ ನಾನೂ ತಮ್ಮನೂ ಸೇರಿ, ಅನಿಮೆ ತೋರಿಸುವ ಆ್ಯಪ್ ಕ್ರಂಚಿರೋಲ್‌ಗೆ ದುಡ್ಡು ಕಟ್ಟುತ್ತೇವೆ. ತಿಂಗಳಿಗೆ ಎರಡು ಪ್ಲೇಟ್ ಮಿರ್ಚಿ ಭಜಿ ಬಿಟ್ಟರೆ ಆಯ್ತು. ಯೂಟ್ಯೂಬಿನಲ್ಲಿ ಮ್ಯೂಸ್ ಏಷ್ಯಾ ಅನ್ನುವ ಚಾನೆಲ್ ಇದೆ, ಅವರು ಹಕ್ಕು ಕೊಂಡುಕೊಂಡು ಪುಕ್ಕಟೆಯಾಗಿ ಹಾಕುತ್ತಾರೆ. ಘಿಬ್ಲಿ ಸ್ಟುಡಿಯೋದ ಸಿನಿಮಾಗಳು ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತವೆ.

ಏನಂತ ಕರೆಯೋದು

"ಕಾರ್ಟೂನ್ ಅಲ್ಲ, ಅನಿಮೆ" ಅಂತ ತಿದ್ದಬೇಡಿ. ನಾನು ತಿದ್ದಿ ತಿದ್ದಿ ಸೋತವಳು. ನೀವು ತಿದ್ದಿದಷ್ಟೂ ಅವರು ಕಾರ್ಟೂನ್ ಅಂತ ಇನ್ನೂ ಜೋರಾಗಿ ಹೇಳುತ್ತಾರೆ. ಸರ್ಟಿಫಿಕೇಟು ತೋರಿಸೋಕೂ ಹೋಗಬೇಡಿ. ಘಿಬ್ಲಿಯ ನಿರ್ದೇಶಕ ಮಿಯಾಜಾಕಿಯ ಸಿನಿಮಾಕ್ಕೆ 2003ರಲ್ಲಿ ಆಸ್ಕರ್ ಬಂತು, 2024ರಲ್ಲಿ ಮತ್ತೆ ಬಂತು ಅಂತ ನಾನು ಕಾಕಾನ ಮುಂದೆ ಭಾಷಣ ಮಾಡಿದೆ. "ಆಸ್ಕರ್ ಬಂದ್ರ ನಮಗೇನ್ ರೊಟ್ಟಿ ಬಡದು ಹಾಕತೈತೇನು?" ಅಂದ. ಉತ್ತರ ಇರಲಿಲ್ಲ.

ಸುಮ್ನೆ "ಜಪಾನಿ ಸೀರಿಯಲ್" ಅನ್ನಿ. ಸುಳ್ಳೇನಲ್ಲ. ವಾರಕ್ಕೊಂದು ಕಂತು, 24 ನಿಮಿಷದ ಹತ್ತಿರ, ಕೊನೆಗೊಂದು ಕೊಕ್ಕೆ ಇಟ್ಟು ಮುಗಿಸುವುದು. ಸೀರಿಯಲ್ ಅಂದರೆ ಅದೇ ಅಲ್ವಾ? ಅವ್ವನಿಗೆ ನಾನು ಒನ್ ಪೀಸ್ ಅನ್ನುವ ಅನಿಮೆಯ ಲೆಕ್ಕ ಹೇಳಿದೆ. 1999ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, 1,100 ಕಂತು ದಾಟಿದೆ, ಅದರ ನಾಯಕ ಹುಡುಗನಿಗೆ ಹುಡುಕುತ್ತಿರುವ ಗಂಟು ಇನ್ನೂ ಸಿಕ್ಕಿಲ್ಲ. "ಹಂಗಾರ ನಮ್ಮ ಸೀರಿಯಲ್ಲಿನವರ ಅಪ್ಪ ಅದು" ಅಂದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ "ನಿನ್ನ ಸೀರಿಯಲ್" ಅಂತಲೇ ಹೆಸರು. ಕಾರ್ಟೂನ್ ಅನ್ನುವ ಮಾತು ತಾನಾಗಿಯೇ ಬಿದ್ದುಹೋಯಿತು.

ಮೊದಲನೆಯದು ಯಾವುದು ತೋರಿಸೋದು

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ನನಗೆ ಯಾವುದು ಅತಿ ಇಷ್ಟವೋ ಅದನ್ನೇ ಹಾಕಿದೆ. ಅಟ್ಯಾಕ್ ಆನ್ ಟೈಟನ್, 2013ರದು, ಮೊದಲನೇ ಕಂತು. ಊಟದ ಹೊತ್ತು. ನೋಡಿದವರಿಗೆ ಗೊತ್ತು, ಆ ಕಂತಿನ ಕೊನೆಯಲ್ಲಿ ರಾಕ್ಷಸಿಯೊಬ್ಬಳು ಹುಡುಗನ ತಾಯಿಯನ್ನು ಅವನ ಕಣ್ಣೆದುರಿಗೇ ತಿನ್ನುತ್ತಾಳೆ. ಅವ್ವ ಕೈಯಲ್ಲಿದ್ದ ರೊಟ್ಟಿ ತುಣುಕನ್ನು ಹಾಗೇ ತಾಟಿನಲ್ಲಿಟ್ಟು ಎದ್ದಳು. ಒಂದು ತಿಂಗಳು ಟಿವಿ ಕಡೆ ಬರಲಿಲ್ಲ. "ತಾಯಿನ್ನ ತಿನ್ನೂದು ನೋಡಿ ಖುಷಿ ಪಡತೀಯಲ್ಲ" ಅಂತ ಆಗಾಗ ಚುಚ್ಚಿದಳು.

ನಿಮಗೆ ಇಷ್ಟವಾದದ್ದು ಬೇಡ. ಅವರಿಗೆ ಗೊತ್ತಿರುವುದು ಯಾವುದರಲ್ಲಿ ಇದೆ ಅಂತ ನೋಡಿ. ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು 1988ರ ಟೊಟೊರೊ, ಘಿಬ್ಲಿಯ ಸಿನಿಮಾ. ಒಂದೂವರೆ ತಾಸೂ ಇಲ್ಲ. 1950ರ ಕಾಲದ ಜಪಾನಿನ ಹಳ್ಳಿ, ಇಬ್ಬರು ಹೆಣ್ಣುಮಕ್ಕಳು, ತಾಯಿ ಆಸ್ಪತ್ರೆಯಲ್ಲಿ, ಪಕ್ಕದ ಮನೆ ಅಜ್ಜಿ, ಹೊಲದಲ್ಲಿ ಕಿತ್ತ ಸೌತೆಕಾಯಿ. ಸಣ್ಣವಳು ಅವ್ವನಿಗೆ ಗುಣವಾಗಲಿ ಅಂತ ಒಂದು ಗೋವಿನಜೋಳದ ತೆನೆ ಎದೆಗವಚಿಕೊಂಡು ಆಸ್ಪತ್ರೆ ಹುಡುಕಿಕೊಂಡು ಹೊರಡುತ್ತಾಳೆ. ಇದರಲ್ಲಿ ನಮ್ಮವರಿಗೆ ಅರ್ಥವಾಗದ್ದು ಏನಿದೆ?

ಅಪ್ಪ ಸಿಕ್ಕಿಬಿದ್ದದ್ದು ಬಸ್ ಸ್ಟಾಪಿನಲ್ಲಿ. ಮಳೆ ಸುರಿಯುತ್ತಿದೆ. ಅಕ್ಕ ತಂಗಿ ಛತ್ರಿ ಹಿಡಿದು ಅಪ್ಪನ ಬಸ್ಸಿಗೆ ಕಾಯುತ್ತಿದ್ದಾರೆ. ಬಸ್ ಬರುತ್ತದೆ, ಅಪ್ಪ ಅದರಲ್ಲಿಲ್ಲ. ಕತ್ತಲಾಗುತ್ತದೆ, ಸಣ್ಣವಳಿಗೆ ನಿದ್ದೆ ಬರುತ್ತದೆ, ಅಕ್ಕ ಅವಳನ್ನು ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ನಮ್ಮ ಅಪ್ಪ ಬಾಗಲಕೋಟೆಯಿಂದ ಹುಬ್ಬಳ್ಳಿಗೆ, ಕೆರೂರು, ನರಗುಂದ, ನವಲಗುಂದ ಅಂತ ವರ್ಷಗಟ್ಟಲೆ ಓಡಿಸಿದವರು. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಬಸ್ ಲೇಟ್ ಆದ್ರ ಸ್ಟಾಪಿನ್ಯಾಗ ನಿಂತವರು ಹೆಂಗ ಕಾಯ್ತಾರ ಅನ್ನೂದು ನಾ ನೋಡೇ ಇಲ್ಲ. ನಾ ಬಸ್ಸಿನ್ಯಾಗ ಇರ್ತಿದ್ನಿ." ಆಮೇಲೆ ಹನ್ನೆರಡು ಕಾಲಿನ ಬೆಕ್ಕಿನ ಬಸ್ಸು ಬಂತು. ಅದರ ಹಣೆ ಮೇಲೆ ಊರಿನ ಹೆಸರು ತಿರುಗಿ ಬದಲಾಗುವುದನ್ನು ನೋಡಿ, "ಬೋರ್ಡ್ ಮಾತ್ರ ಬರೋಬ್ಬರಿ ಹಾಕ್ಯಾರ" ಅಂತ ಮೆಚ್ಚಿಕೊಂಡರು.

ಒಂದು ಮಾತು ಮುಂಚೆಯೇ ಹೇಳಿರಿ. ಈ ಸಿನಿಮಾದಲ್ಲಿ ಅಪ್ಪ ಮತ್ತು ಇಬ್ಬರು ಹೆಣ್ಣುಮಕ್ಕಳು ಒಂದೇ ತೊಟ್ಟಿಯಲ್ಲಿ ಸ್ನಾನ ಮಾಡುವ ದೃಶ್ಯ ಇದೆ. ಅಲ್ಲಿ ಮನೆಮಂದಿ ಹಾಗೆ ಬಿಸಿನೀರಿನಲ್ಲಿ ಒಟ್ಟಿಗೆ ಕೂರುವುದು ಸಾಮಾನ್ಯ. ಗೊತ್ತಿಲ್ಲದೆ ನೋಡಿದರೆ ನಮ್ಮವರು ಹುಬ್ಬೇರಿಸುತ್ತಾರೆ. ನಾನು ದೃಶ್ಯ ಬರುವುದಕ್ಕೆ ಐದು ನಿಮಿಷ ಮೊದಲು, "ಇನ್ನ ಅವರ ಜಳಕದ ಪದ್ಧತಿ ಬರತೈತಿ ನೋಡ್ರಿ" ಅಂದೆ. ಪದ್ಧತಿ ಅಂದಕೂಡಲೇ ಅವ್ವ ಸುಮ್ಮನಾದಳು. ಪದ್ಧತಿಗೆ ನಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ.

ಮನೆಯಲ್ಲಿ ಆಯಿ, ಮುತ್ಯಾ ಇದ್ದರೆ ರಾಮಾಯಣದ ಅನಿಮೆಯಿಂದ ಶುರು ಮಾಡಬಹುದು. ಯುಗೋ ಸಾಕೋ ಎಂಬ ಜಪಾನಿನವರು ನಮ್ಮ ರಾಮ್ ಮೋಹನ್ ಅವರ ಜೊತೆ ಸೇರಿ 1990ರ ದಶಕದ ಆರಂಭದಲ್ಲಿ ಮಾಡಿದ್ದು. 2025ರ ಜನವರಿಯಲ್ಲಿ ಇಲ್ಲಿ ಮತ್ತೆ ಥಿಯೇಟರಿಗೆ ಬಂದಿತ್ತು. ಕಥೆ ಗೊತ್ತಿರೋದರಿಂದ ಭಾಷೆಯ ತೊಂದರೆಯೇ ಇಲ್ಲ. ನಮ್ಮ ಆಯಿ ಹನುಮಪ್ಪ ಬಂದಾಗಲೆಲ್ಲ ಕೈಮುಗಿದಳು, ಸಿನಿಮಾ ಮುಗಿಯುವುದಕ್ಕೆ ಮೊದಲೇ ನಿದ್ದೆ ಹೋದಳು.

ಕನ್ನಡದಲ್ಲಿ ಇಲ್ಲವಲ್ಲ, ಏನು ಮಾಡೋದು

ದೊಡ್ಡ ಅನಿಮೆಗಳು ಈಗ ಹಿಂದಿ, ತಮಿಳು, ತೆಲುಗಿನಲ್ಲಿ ಬರುತ್ತವೆ. ಕನ್ನಡ ಆ ಸಾಲಿನಲ್ಲಿ ಕಾಣುವುದು ಅಪರೂಪ. ಹೊಟ್ಟೆ ಉರಿಯುತ್ತದೆ, ಆದರೆ ಕಾಯುತ್ತ ಕೂತರೆ ಆಗಲ್ಲ. ಅವ್ವನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಬರುವುದಿಲ್ಲ. ಹಾಗಾಗಿ ನಾನೇ ಬಾಯಲ್ಲಿ ಹೇಳುತ್ತೇನೆ. ಇದನ್ನು ನೀವೂ ಕಲಿಯಿರಿ. ಇಷ್ಟು ಕೆಲಸ ಮಾಡಿದ್ದು ಬೇರೆ ಯಾವುದೂ ಇಲ್ಲ.

ಮೊದಲಿಗೆ ನಾನು ಇಂಗ್ಲಿಷ್ ಸಾಲು ಓದಿ, ಅದನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಪುಸ್ತಕ ಓದಿದ ಹಾಗಿತ್ತು, ಅವ್ವ ಆಕಳಿಸುತ್ತಿದ್ದಳು. ಆಮೇಲೆ ಜಪಾನಿ ಮಾತನ್ನೇ ಕಿವಿಗೊಟ್ಟು ಕೇಳತೊಡಗಿದೆ. ಆಗ ಗೊತ್ತಾಯಿತು, ಆ ಭಾಷೆ ಇಂಗ್ಲಿಷಿಗಿಂತ ನಮ್ಮ ಭಾಷೆಗೇ ಹತ್ತಿರ ನಡೆಯುತ್ತದೆ. ನಮ್ಮ ಹಾಗೆ ಅವರದೂ ಕ್ರಿಯಾಪದ ಕೊನೆಗೆ. ಪ್ರಶ್ನೆ ಕೇಳುವ "ಕಾ" ಸಹ ಕೊನೆಗೆ, ನಮ್ಮ "ಏನು" ಇದ್ದ ಹಾಗೆ. ಮಾತಿನ ಬಾಲಕ್ಕೆ "ನೆ" ಅಂತಾರೆ. ಅದು ನಮ್ಮ "ಅಲ್ಲಾ?" ಇದ್ದ ಹಾಗೆ. "ಸಮುಯಿ ನೆ" ಅಂದರೆ "ಥಂಡಿ ಐತಿ ಅಲ್ಲಾ?" ಆಯ್ತು ನೋಡಿ, ಮಾತು ಬಾಯಿಗೆ ಕೂತಿತು.

ಅವರು ಹೆಸರಿನ ಬದಲು ಅಣ್ಣ, ಅಕ್ಕ ಅಂತ ಕರೆಯುತ್ತಾರೆ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಆ ಜಾಗದಲ್ಲಿ ಬರೀ ಹೆಸರು ಹಾಕುತ್ತಾರೆ. ಅಣ್ಣನನ್ನು ತಂಗಿ ಹೆಸರು ಹಿಡಿದು ಕರೆದರೆ ನಮ್ಮ ಅವ್ವನಿಗೆ ಆ ಹುಡುಗಿಯೇ ಸೇರುವುದಿಲ್ಲ. "ನೀಚಾನ್" ಕೇಳಿದ ಕೂಡಲೇ ನಾನು "ಅಣ್ಣಾ" ಅಂತೀನಿ, "ನೇಚಾನ್" ಅಂದರೆ "ಅಕ್ಕಾ". "ಸಾನ್" ಬಂದರೆ "ರೀ". ಜೋಡಿ ಮಾತುಗಳಂತೂ ಕೇಳಲೇಬೇಡಿ. ಎದೆ ಹೊಡೆದುಕೊಂಡರೆ ಅವರಿಗೆ "ದೊಕಿ ದೊಕಿ", ನಮಗೆ ಡವಡವ. ಗುಡುಗು ಅವರಿಗೆ "ಗೊರೊ ಗೊರೊ", ನಮಗೆ ಗುಡುಗುಡು. ಹೊಳೆಯುವುದು "ಪಿಕಾ ಪಿಕಾ", ನಮಗೆ ಫಳಫಳ. ಇಂಗ್ಲಿಷಿನವರು ಇಲ್ಲೆಲ್ಲ ಕೈಚೆಲ್ಲಿ ಕೂರುತ್ತಾರೆ.

ಎಲ್ಲಕ್ಕಿಂತ ಅವ್ವನಿಗೆ ಹಿಡಿಸಿದ್ದು ಒಂದು ಮಾತು. ಮನೆಯಿಂದ ಹೊರಗೆ ಹೋಗುವಾಗ ಅವರು "ಇತ್ತೆ ಕಿಮಾಸು" ಅನ್ನುತ್ತಾರೆ. ಇಂಗ್ಲಿಷಿನಲ್ಲಿ "ನಾನು ಹೊರಟೆ" ಅನ್ನುವ ಹಾಗೆ ಹಾಕಿರುತ್ತಾರೆ. ನಾನೂ ಹಾಗೇ ಹೇಳಿದೆ. ಅವ್ವನಿಗೆ ಸರಿ ಬರಲಿಲ್ಲ. "ಹೊಂಟೆ ಅಂತಾರೇನು ಯಾರರ? ಬಿಡ್ತು ಅನ್ನು." ಹುಡುಕಿ ನೋಡಿದೆ. "ಇತ್ತೆ" ಅಂದರೆ ಹೋಗಿ. "ಕಿಮಾಸು" ಅಂದರೆ ಬರುತ್ತೇನೆ. ಹೋಗಿ ಬರ್ತೀನಿ! ಅಕ್ಷರ ಅಕ್ಷರ ನಮ್ಮದೇ. ಒಳಗಿನಿಂದ ಅವರ ತಾಯಿ "ಇತ್ತೆ ರಷ್ಷಾಯ್" ಅನ್ನುತ್ತಾಳೆ. ಹೋಗಿ ಬಾ. ಇದನ್ನು ಹೇಳಿದಾಗ ಅವ್ವ ಕಾಲಿನಿಂದ ತುಳಿಯುತ್ತಿದ್ದ ಮಷೀನು ನಿಲ್ಲಿಸಿದಳು. "ಅವರೂ ಹೋಗ್ತೀನಿ ಅನ್ನೂದಿಲ್ಲೇನು?" ಅಂತ ಎರಡು ಸಲ ಕೇಳಿದಳು. ಬೆಳಿಗ್ಗೆ ನಾನು ಅಂಗಡಿಗೆ ಹೊರಟಾಗ ಒಳಗಿನಿಂದ "ಇಟ್ಟೇರಸಾಯಿ" ಅಂತ ಕೂಗು ಬಂತು. ತಿದ್ದಲಿಲ್ಲ.

ಹೇಳುವಾಗ ಎಲ್ಲ ಸಾಲನ್ನೂ ಹೇಳಬೇಡಿ. ಮೂರಕ್ಕೆ ಒಂದು ಸಾಕು. ಹೊಡೆದಾಟದ ಮಧ್ಯೆ ಬಾಯಿ ಮುಚ್ಚಿಕೊಂಡಿರಿ. ಬರಹದ ಕನ್ನಡದಲ್ಲಿ ಹೇಳಬೇಡಿ. "ನಾನು ನಿನ್ನನ್ನು ರಕ್ಷಿಸುತ್ತೇನೆ" ಅಂದರೆ ಅವ್ವ ನಗುತ್ತಾಳೆ. "ನಾ ಅದೀನಿ, ಅಂಜಬ್ಯಾಡ" ಅಂದರೆ ಕಣ್ಣೊರೆಸಿಕೊಳ್ಳುತ್ತಾಳೆ.

ಬಟ್ಟೆಯ ದಾರಿ

ತಮ್ಮನ ಕಾಲೇಜಿನ ಗ್ಯಾದರಿಂಗಿಗೆ ಅವನಿಗೆ ಡೀಮನ್ ಸ್ಲೇಯರ್‌ನ ನಾಯಕ ತಾಂಜಿರೋನ ವೇಷ ಹಾಕಬೇಕಿತ್ತು. ಹಸಿರು ಕಪ್ಪು ಚೌಕಡಿಯ ಹಾವೊರಿ, ಅಂದರೆ ಮೇಲೆ ಹಾಕುವ ಸಡಿಲ ಅಂಗಿ. ಆನ್‌ಲೈನಿನಲ್ಲಿ ತರಿಸಿದ್ದು ಪಾಲಿಸ್ಟರ್, ಸೊಳ್ಳೆ ಪರದೆಗಿಂತ ತೆಳು. ಅವ್ವ ಎರಡು ಬೆರಳಲ್ಲಿ ಹಿಡಿದು, "ಇದಕ್ಕ ರೊಕ್ಕ ಕೊಟ್ಟೀಯಾ?" ಅಂದಳು. ನನಗಿಂತ ಅವಳಿಗೇ ಅವಮಾನವಾಗಿತ್ತು.

ನಾನು ಅವಳಿಗೆ ಹೊಲಿಗೆಯ ವಿಷಯ ಹೇಳಿದೆ. ಕಿಮೋನೊ ಬಟ್ಟೆ ಸುಮಾರು 36 ಸೆಂಟಿಮೀಟರ್ ಅಗಲದ ಉದ್ದನೆಯ ಥಾನಿನಲ್ಲಿ ಬರುತ್ತದೆ. ಎಲ್ಲ ನೇರ ಕತ್ತರಿ, ಬಾಗು ಇಲ್ಲ, ಟಕ್ಸ್ ಇಲ್ಲ, ಬಟ್ಟೆ ಹಾಳಾಗುವುದಿಲ್ಲ. ಅವ್ವನ ಕಣ್ಣು ಬೇರೆಯಾಯಿತು. ಟಿವಿಯಲ್ಲಿ ಎರಡು ಕಂತು ನೋಡಿದಳು. ಕಥೆಗಲ್ಲ. "ನಿಲ್ಸು. ಹಿಂದಕ ಹೋಗು. ಆ ತೋಳು ಕಂಕಳಾಗ ಹೆಂಗ ಕೂಡಿಸ್ಯಾರ ನೋಡೂಣು." ರಾಕ್ಷಸನ ತಲೆ ಹಾರುತ್ತಿದ್ದರೂ ಅವಳ ಕಣ್ಣು ತೋಳಿನ ಮೇಲೆ. ಕೊನೆಗೆ ಹಸಿರು ಕಾಟನ್ ತಂದು, ಕಪ್ಪು ಚೌಕಗಳನ್ನು ಒಂದೊಂದಾಗಿ ಕತ್ತರಿಸಿ ಮೇಲೆ ಕೂಡಿಸಿದಳು. ನಾಲ್ಕು ಸಂಜೆ ಹಿಡಿಯಿತು. ಕಪ್ಪು ಬಟ್ಟೆ ಅಂತ ಆಯಿ ತಕರಾರು ತೆಗೆದಾಗ, "ಚಂದ್ರಕಾಳಿ ಸೀರಿ ಉಡೂದಿಲ್ಲೇನು ನೀ?" ಅಂತ ಅವ್ವನೇ ಬಾಯಿ ಮುಚ್ಚಿಸಿದಳು.

ಆ ಚೌಕಡಿಗೆ ಇಚಿಮತ್ಸು ಅಂತ ಹೆಸರು. ಸನೊಗಾವ ಇಚಿಮತ್ಸು ಅಂತ 18ನೇ ಶತಮಾನದ ಒಬ್ಬ ಕಬುಕಿ ನಾಟಕದ ನಟ ಅದನ್ನು ರಂಗದ ಮೇಲೆ ಉಟ್ಟಿದ್ದ, ಊರೆಲ್ಲ ಅದೇ ಉಡೋಕೆ ಶುರು ಮಾಡಿತು. ಇದನ್ನು ಹೇಳಿದಾಗ ಆಯಿಗೆ ಬನಶಂಕರಿ ಜಾತ್ರೆಯ ನಾಟಕ ಕಂಪನಿ ನೆನಪಾಗಿ ಅರ್ಧ ತಾಸು ಮಾತು ಆ ಕಡೆ ಹೋಯಿತು. ತಾಂಜಿರೋನ ತಂಗಿ ನೆಜುಕೋ ಉಡುವ ಗುಲಾಬಿ ಬಟ್ಟೆಯ ಮೇಲಿನ ನಕ್ಷತ್ರದಂಥ ಎಳೆ ಅಸಾನೋಹಾ, ಸೆಣಬಿನ ಜಾತಿಯ ಗಿಡದ ಎಲೆ. ಆ ಗಿಡ ಬೇಗ, ನೆಟ್ಟಗೆ ಬೆಳೆಯುತ್ತದೆ. ಹಾಗಾಗಿ ಜಪಾನಿನಲ್ಲಿ ಕೂಸುಗಳ ಬಟ್ಟೆಗೆ ಅದೇ ಚಿತ್ರ ಹಾಕುತ್ತಿದ್ದರು. ಅವ್ವ ಗುಳೇದಗುಡ್ಡ ಖಣದಲ್ಲಿ ಕುಂಚಿಗೆ, ಕುಲಾಯಿ ಹೊಲಿದು ತೊಟ್ಟಿಲ ಕಾರ್ಯಕ್ಕೆ ಕೊಡುವವಳು. ಅವಳಿಗೆ ಇದನ್ನು ಇನ್ನೇನು ಬಿಡಿಸಿ ಹೇಳುವುದು?

ಹೀಗೆ ಪ್ರತಿಯೊಬ್ಬರಿಗೂ ಒಂದು ಬಾಗಿಲು ಇರುತ್ತದೆ. ಹೊಲಿಯುವವರಿಗೆ ಬಟ್ಟೆ, ಅಡುಗೆ ಮಾಡುವವರಿಗೆ ಅನ್ನದ ಡಬ್ಬಿ, ವಾಲಿಬಾಲ್ ಆಡುವ ಹುಡುಗರಿಗೆ ಹೈಕ್ಯೂ. ಸೈಕಲ್ ಓಡಿಸುವವರು ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಬಹಳ ಜನ. ಅವರಿಗೆ ಯೊವಾಮುಷಿ ಪೆಡಲ್ ತೋರಿಸಿ. ಅದರ ನಾಯಕನೇ ಅನಿಮೆ ಹುಚ್ಚ. ರೈಲಿನ ದುಡ್ಡು ಉಳಿಸಿ ಗೊಂಬೆ ಕೊಳ್ಳೋಕೆ ಅಂತ ಟೋಕಿಯೋದ ಅಕಿಹಬಾರಾಕ್ಕೆ ಹೋಗಿ ಬರೋದು 90 ಕಿಲೋಮೀಟರನ್ನು ಸಾದಾ ಸೈಕಲ್ಲಿನಲ್ಲೇ ತುಳಿಯುತ್ತಾನೆ. ತುಳಿದು ತುಳಿದು ರೇಸಿನವನಾಗುತ್ತಾನೆ.

ಮನೆಯ ಹೊರಗೆ

ಹೊರಗಿನವರ ವಿಷಯ ಬೇರೆ. ಅವರನ್ನು ಕೂರಿಸಿ ತೋರಿಸೋಕಾಗಲ್ಲ. ತೋರಿಸುವ ಅಗತ್ಯವೂ ಇಲ್ಲ. ನನ್ನ ಸ್ಕೂಟಿ ಕೀಲಿಗೆ ಸ್ಪಿರಿಟೆಡ್ ಅವೇ ಸಿನಿಮಾದ ಮುಖವಾಡದ ಕರಿ ಭೂತ ನೇತಾಡುತ್ತದೆ. ಪೆಟ್ರೋಲ್ ಹಾಕುವ ಹುಡುಗ "ಇದ್ಯಾವ ದೇವ್ರಕ್ಕಾ?" ಅಂತ ಕೇಳಿದ್ದ. "ಮನಿ ದೇವ್ರು" ಅಂದೆ. ಅಷ್ಟೇ ಸಾಕಾಯಿತು.

ಅಂಗಡಿಯಲ್ಲಿ ಜೊತೆಯವರು ಗೇಲಿ ಮಾಡಿದರೆ ಜೊತೆಗೆ ನಗಿ. ಜಗಳ ಮಾಡಬೇಡಿ. ಬಹಳವಾಯ್ತು ಅನಿಸಿದರೆ ಒಂದು ಫೋಟೋ ತೋರಿಸಿ. ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ 2024ರಲ್ಲಿ ಟೋಕಿಯೋದ ಅನಿಮೆ ಪ್ರಶಸ್ತಿ ಸಮಾರಂಭಕ್ಕೆ ಪ್ರಶಸ್ತಿ ಕೊಡೋಕೆ ಹೋಗಿದ್ದರು. ಕಾಕಾನ ಮೇಲೆ ಆಸ್ಕರ್ ಮಾಡದ ಕೆಲಸವನ್ನು ಆ ಫೋಟೋ ಮಾಡಿತು. ಅದು ನ್ಯಾಯವಲ್ಲ, ಆದರೆ ಉಪಯೋಗಕ್ಕೆ ಬರುತ್ತದೆ.

ಜಪಾನಿನಲ್ಲಿ ಎಲ್ಲರೂ ಅನಿಮೆ ನೋಡುವವರನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ ಅಂತ ತಿಳಿಯಬೇಡಿ. ನಮ್ಮ ಹುಡುಗರು ಹೆಮ್ಮೆಯಿಂದ "ನಾನು ಒಟಾಕು", ಅಂದರೆ ಅನಿಮೆ ಹುಚ್ಚ, ಅನ್ನುತ್ತಾರಲ್ಲ, ಆ ಮಾತು ಅಲ್ಲಿ ಬೈಗುಳವಾಗಿ ಓಡಾಡಿದ್ದು. ಮೂಲದಲ್ಲಿ ಅದರ ಅರ್ಥ "ತಮ್ಮ ಮನೆ". ಎದುರಿನವರಿಗೆ "ತಾವು" ಅನ್ನುವ ಹಾಗೆ. ಈ ಹುಚ್ಚಿನ ಹುಡುಗರು ಒಬ್ಬರಿಗೊಬ್ಬರು ಅಷ್ಟು ಅತಿ ಮರ್ಯಾದೆಯಿಂದ ಮಾತಾಡುತ್ತಿದ್ದರು. 1983ರಲ್ಲಿ ಅಕಿಯೊ ನಾಕಾಮೊರಿ ಅನ್ನುವ ಲೇಖಕ ಅದನ್ನೇ ಹಿಡಿದು ಗೇಲಿ ಮಾಡಿ ಬರೆದ, ಹೆಸರು ಅಂಟಿಕೊಂಡಿತು. 1989ರಲ್ಲಿ ಸಣ್ಣ ಹುಡುಗಿಯರನ್ನು ಕೊಂದ ಒಬ್ಬ ಸಿಕ್ಕಿಬಿದ್ದ. ಅವನ ಕೋಣೆಯಲ್ಲಿ ಸಾವಿರಾರು ವಿಡಿಯೋ ಟೇಪು ಸಿಕ್ಕವು. ಪತ್ರಿಕೆ, ಟಿವಿ ಎಲ್ಲ ಸೇರಿ ಅನಿಮೆ ನೋಡುವವರೆಲ್ಲ ಹೀಗೇ ಅನ್ನುವ ಹಾಗೆ ಬರೆದವು. ಆ ಕಲೆ ತೊಳೆಯೋಕೆ ವರ್ಷಗಳೇ ಹಿಡಿದವು. ನಮ್ಮ ಕಾಕಾ ಉಪ್ಪಿಟ್ಟು ತಿನ್ನುತ್ತ ನಕ್ಕಿದ್ದು ಅದರ ಮುಂದೆ ಏನೂ ಅಲ್ಲ.

ವರನ ಕಡೆಯವರು ಬಂದಾಗ ಏನು ಹೇಳೋದು ಅಂತ ಹುಡುಗಿಯರು ನನ್ನನ್ನು ಕೇಳುತ್ತಾರೆ. ಇದ್ದದ್ದು ಹೇಳಿ. ನಾನು ಒಮ್ಮೆ "ಓದೂದು, ಕಸೂತಿ" ಅಂತ ಸುಳ್ಳು ಹೇಳಿ, ಹುಡುಗನ ಅತ್ತಿ ಕಸೂತಿ ಹಾಕಿದ್ದು ತೋರಿಸು ಅಂದಾಗ ಅವ್ವ ಹಾಕಿದ್ದ ಇಳಕಲ್ ಸೀರೆ ತಂದು ತೋರಿಸಬೇಕಾಯಿತು. ಆಮೇಲಿನ ಸಲ ನೇರವಾಗಿ "ಜಪಾನಿ ಸೀರಿಯಲ್ ನೋಡ್ತೀನ್ರೀ, ಚಿತ್ರದ್ದು" ಅಂದೆ. ಬಂದವರಲ್ಲಿ ಒಬ್ಬಾಕೆ, "ಮದುವಿ ಆದ ಮ್ಯಾಲ ಇದೆಲ್ಲ ತಾನ ಬಿಡತಾಳ ಬಿಡ್ರಿ" ಅಂದಳು. ಅವ್ವ ಚಹಾ ಕೊಡುತ್ತಿದ್ದವಳು ತಲೆ ಎತ್ತದೆ, "ಯಾಕ ಬಿಡಬೇಕ್ರಿ? ನೀವು ನಿಮ್ಮ ಸೀರಿಯಲ್ ಬಿಟ್ಟೀರೇನು?" ಅಂದಳು. ಆ ಸಂಬಂಧ ಕೂಡಲಿಲ್ಲ. ಬಂಗಾರದ ಮಾತೂ ಕೂಡಿರಲಿಲ್ಲ, ಹಾಗಾಗಿ ಕಾರಣ ಇದೇ ಅನ್ನೋಕಾಗಲ್ಲ. ಹುಡುಗ ಮಾತ್ರ ಹೊರಡುವಾಗ ಮೆಲ್ಲಗೆ, ಸಾಲಿಗೆ ಹೋಗುವಾಗ ಡ್ರ್ಯಾಗನ್ ಬಾಲ್ ಝಡ್ ನೋಡುತ್ತಿದ್ದೆ, ಈಗ ಹೊಸದೇನಾದರೂ ಬಂದಿದೆಯಾ ಅಂತ ಕೇಳಿದ.

ಎಲ್ಲವನ್ನೂ ಹೊತ್ತುಕೊಳ್ಳಬೇಡಿ

ಅನಿಮೆ ಬಗ್ಗೆ ಯಾರೇ ಏನೇ ಅಂದರೂ ಮೈಮೇಲೆ ಹೋಗುವ ಚಟ ನಮ್ಮಲ್ಲಿ ಇದೆ. ಬಿಡಿ. ಹೊಲಸು ಅನಿಮೆಗಳೂ ಇವೆ. ಸ್ಕೂಲ್ ಹುಡುಗಿಯರನ್ನು ಕೆಟ್ಟದಾಗಿ ತೋರಿಸುವುದು ಕೆಲವು ಹೆಸರಾದ ಸರಣಿಗಳಲ್ಲೂ ಇದೆ. ಅಪ್ಪ ಅದನ್ನು ನೋಡಿ ಮುಖ ತಿರುಗಿಸಿದರೆ ಅಪ್ಪನದೇ ಸರಿ. "ಹೌದು, ಇದು ಚಲೋ ಇಲ್ಲ" ಅಂತ ಒಪ್ಪಿಕೊಳ್ಳಿ. ಒಂದನ್ನು ಕೆಟ್ಟದು ಅಂದರೆ, ನೀವು ಚೆನ್ನಾಗಿದೆ ಅನ್ನುವ ಇನ್ನೊಂದಕ್ಕೆ ಬೆಲೆ ಬರುತ್ತದೆ.

ಪಕ್ಕದ ಮನೆಯವರು "ನಮ್ಮ ಹುಡುಗಗೂ ಒಂದಿಷ್ಟು ತೋರ್ಸವಾ" ಅಂತ ಏಳು ವರ್ಷದವನನ್ನು ಕಳಿಸುತ್ತಾರೆ. ಚಿತ್ರ ಅಂದರೆ ಮಕ್ಕಳದ್ದು ಅನ್ನುವ ಲೆಕ್ಕ. ಇಲ್ಲಿ ಎಚ್ಚರ ಬೇಕು. ಜಪಾನಿನಲ್ಲಿ ಮಾಂಗಾ, ಅಂದರೆ ಚಿತ್ರಕಥೆಯ, ಪತ್ರಿಕೆಗಳನ್ನೇ ಬೇರೆ ಬೇರೆ ಮಾಡಿಟ್ಟಿದ್ದಾರೆ. ಹರೆಯದ ಹುಡುಗರಿಗೆ ಶೋನೆನ್, ಹುಡುಗಿಯರಿಗೆ ಶೋಜೋ, ದೊಡ್ಡ ಗಂಡಸರಿಗೆ ಸೇನೆನ್, ಹೆಂಗಸರಿಗೆ ಜೋಸೆ. ಸೇನೆನ್ ಕಥೆಯನ್ನು ಏಳು ವರ್ಷದ ಹುಡುಗನಿಗೆ ತೋರಿಸಿ ಅವನು ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡರೆ ಹೆಸರು ಕೆಡುವುದು ನಿಮ್ಮದು. ಯಾವುದೇ ಹೊಸದಿರಲಿ, ಮೊದಲ ಮೂರು ಕಂತು ನೀವೊಬ್ಬರೇ ನೋಡಿ. ಪಡಸಾಲೆಗೆ ಒಗ್ಗದ್ದನ್ನು ಇಯರ್‌ಫೋನ್ ಹಾಕಿಕೊಂಡೇ ನೋಡಿ. ನಾನೂ ನೋಡುತ್ತೇನೆ. ಅವ್ವ ಕೇಳಿದರೆ "ಇದು ಹೊಡೆದಾಟ ಜಾಸ್ತಿ ಇದ್ದದ್ದು, ನಿನಗ ಸೇರೂದಿಲ್ಲ" ಅಂತ ಹೇಳಿ ನೋಡುತ್ತೇನೆ.

ಥಿಯೇಟರಿಗೆ

ಬಾಗಲಕೋಟೆಯಲ್ಲಿ ಅನಿಮೆ ಸಿನಿಮಾ ಬರುವುದನ್ನು ಕಾದು ಕೂರಬೇಡಿ. ನಾವು ಹುಬ್ಬಳ್ಳಿಗೆ ಹೋಗುತ್ತೇವೆ. 2025ರ ಸೆಪ್ಟೆಂಬರ್ 12ಕ್ಕೆ ಡೀಮನ್ ಸ್ಲೇಯರ್‌ನ ಇನ್ಫಿನಿಟಿ ಕ್ಯಾಸಲ್ ಬಂದಾಗ ನಾನೂ ತಮ್ಮನೂ ಹೋಗಿದ್ದೆವು. ಒಳಗೆ ಹೋದ ಮೇಲೆ ನೋಡಿದರೆ ಥಿಯೇಟರ್ ತುಂಬ ನಮ್ಮಂಥವರೇ. ಗದಗಿನವರು, ಧಾರವಾಡದವರು, ಮಗನ ಜೊತೆ ಬಂದ ಒಬ್ಬ ಲುಂಗಿಯ ಯಜಮಾನರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅವ್ವ ಹೊಲಿದ ಹಾವೊರಿಯನ್ನು ತಮ್ಮ ಹಾಕಿಕೊಂಡು ಬಂದಿದ್ದ. ಇಬ್ಬರು ಹುಡುಗಿಯರು ಬಟ್ಟೆ ಮುಟ್ಟಿ ನೋಡಿ, ಎಲ್ಲಿ ಹೊಲಿಸಿದ್ರಿ ಅಂತ ನಂಬರ್ ಇಸಿದುಕೊಂಡರು. ಅವ್ವನಿಗೆ ಈಗ ಎರಡು ಆರ್ಡರ್ ಇವೆ.

ಹೋಗುವವರಿಗೆ ಕೆಲವು ಮಾತು. ಆ ಸಿನಿಮಾ 155 ನಿಮಿಷ, ಮಧ್ಯಂತರ ಬೇರೆ, ಬಸ್ಸು ಒಂದು ಕಡೆಗೆ ಮೂರು ತಾಸಿನ ಮೇಲೆ. ಹಾಗಾಗಿ ಬೆಳಗಿನ ಶೋ ಹಿಡಿಯಿರಿ, ಸಂಜೆದು ಬೇಡ. ಜಪಾನಿ ಭಾಷೆಯ ಶೋ ಯಾವುದು, ಹಿಂದಿಯ ಶೋ ಯಾವುದು ಅಂತ ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಗಡಿಬಿಡಿಯಲ್ಲಿ ತಪ್ಪಿ ತೆಲುಗಿನದಕ್ಕೆ ತೆಗೆದವರು ನಮ್ಮ ಪಕ್ಕದಲ್ಲೇ ಸಿಕ್ಕಿದ್ದರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಥಿಯೇಟರಿನೊಳಗೆ ಬಿಡುವುದಿಲ್ಲ, ಬಸ್ಸಿನಲ್ಲಿ ತಿನ್ನಿ. ಹುಡುಗಿಯರು ಆಧಾರ್ ಕಾರ್ಡ್ ಮರೆಯಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸು ಪುಕ್ಕಟೆ. ತಡೆರಹಿತ ಬಸ್ ಹಿಡಿಯಿರಿ ಅಂತ ಅಪ್ಪ ಹೇಳಿಸಿದ್ದಾರೆ. ತಮ್ಮ ಹೋಗೋದು ಬರೋದು ಎರಡೂ ಕಡೆ ಟಿಕೆಟ್ ತೆಗೆದ, ನವಲಗುಂದ ದಾಟುವ ತನಕ ಅದನ್ನೇ ಗೊಣಗಿದ.